ಬಿಸಿಲು ಕೇಳುವ ಕ್ಯಾಸೆಟ್, ಆಟಿಯ ಮಳೆ: ಗೇಮ್‌ಬಾಯ್‌ನ ನಾಲ್ಕು ಮರೆತ ಆಟಗಳು

ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಹಳೆಯ ಗೇಮ್‌ಬಾಯ್ ಎಂದರೆ ಟೆಟ್ರಿಸ್, ಮಾರಿಯೋ, ಪೋಕೆಮಾನ್. ಅಲ್ಲಿಗೆ ಮಾತು ಮುಗಿಯುತ್ತದೆ. ಮೂರೂ ಒಳ್ಳೆಯ ಆಟಗಳೇ, ತಕರಾರಿಲ್ಲ. ಆದರೆ ಅವನ್ನು ಆಡಲು ಇವತ್ತು ಹಳೆಯ ಯಂತ್ರ ಬೇಕಾಗಿಲ್ಲ, ಮೊಬೈಲಿನಲ್ಲಿ ಒಂದು ಎಮ್ಯುಲೇಟರ್ (ಹಳೆಯ ಯಂತ್ರದ ಹಾಗೆ ನಟಿಸುವ ಆ್ಯಪ್) ಹಾಕಿಕೊಂಡರೆ ಆಯಿತು. ದುಬೈಯಿಂದ ಬರುವ ಬಾವನ ಹತ್ತಿರ ಹೇಳಿಸಿಯೋ, ಕಸ್ಟಮ್ಸ್ ಕಟ್ಟಿ ಜಪಾನಿನಿಂದ ತರಿಸಿಯೋ ಹಳೆಯ ಯಂತ್ರ ಕೈಗೆತ್ತಿಕೊಳ್ಳುವುದಾದರೆ ಅದಕ್ಕೊಂದು ಕಾರಣ ಬೇಕು. ಆ ಕಾರಣ ಇರುವುದು ಕ್ಯಾಸೆಟ್ಟಿನ ಹೊಟ್ಟೆಯಲ್ಲೇ ಒಂದು ಯಂತ್ರಭಾಗ ಇಟ್ಟುಕೊಂಡ ಕೆಲವೇ ಆಟಗಳಲ್ಲಿ. ಒಂದು ಬಿಸಿಲು ಅಳೆಯುತ್ತದೆ, ಒಂದು ವಾಲುವುದನ್ನು, ಇನ್ನೊಂದು ತಿರುಗುವುದನ್ನು. ನಾಲ್ಕನೆಯದು ಸುಮ್ಮನೆ ನಡುಗುತ್ತದೆ. ಮಂಗಳೂರು, ಉಡುಪಿಯ ಹವೆಯಲ್ಲಿ ಇವು ಹೇಗೆ ನಡೆಯುತ್ತವೆ ಎನ್ನುವುದು ಈ ಬರಹದ ವಿಷಯ.

ಮೊದಲು ಬೊಕ್ಟಾಯ್. ಕೊನಾಮಿ ಕಂಪನಿ 2003ರಲ್ಲಿ ಗೇಮ್‌ಬಾಯ್‌ನ ಮುಂದಿನ ತಲೆಮಾರಾದ ಗೇಮ್‌ಬಾಯ್ ಅಡ್ವಾನ್ಸ್‌ಗೆ ತಂದದ್ದು, ನಿರ್ಮಾಪಕ ಹಿಡಿಯೊ ಕೊಜಿಮಾ. ಕ್ಯಾಸೆಟ್ಟಿನ ತುದಿಯಲ್ಲಿ ಬೆಳಕು ಅಳೆಯುವ ಒಂದು ಸಣ್ಣ ಕಣ್ಣಿದೆ. ಜಾಂಗೋ ಎಂಬ ಹುಡುಗ ಸೂರ್ಯಶಕ್ತಿಯ ಬಂದೂಕು ಹಿಡಿದು ರಕ್ತಪಿಪಾಸುಗಳನ್ನು ಬೇಟೆಯಾಡುತ್ತಾನೆ. ಆ ಬಂದೂಕಿಗೆ ಚಾರ್ಜ್ ಸಿಗುವುದು ನಿಮ್ಮ ಮೇಲೆ ಬೀಳುವ ನಿಜವಾದ ಬಿಸಿಲಿನಿಂದ. ಹೊರಗೆ ಬಿಸಿಲಿದ್ದರೆ ಆಟದೊಳಗೂ ಕಿಟಕಿ, ಮಾಡಿನ ಸಂದಿಯಿಂದ ಬಿಸಿಲು ಬೀಳುತ್ತದೆ, ಮೋಡ ಕವಿದರೆ ಅಲ್ಲೂ ಮಬ್ಬು. ದೊಡ್ಡ ರಾಕ್ಷಸನನ್ನು ಸೋಲಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅವನ ಶವಪೆಟ್ಟಿಗೆಯನ್ನು ಬಂದ ದಾರಿಯಲ್ಲೇ ಎಳೆದುಕೊಂಡು ಹೊರಗೆ ತಂದು, ಬಯಲಿನ ಯಂತ್ರಕ್ಕೆ ಒಡ್ಡಿ, ಬಿಸಿಲಿನಿಂದ ಸುಡಬೇಕು. ಆಟದ ಜೀವ ಇರುವುದೇ ಈ ಎಳೆದಾಟದಲ್ಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಇದನ್ನು ಶುರು ಮಾಡಬೇಡಿ. ಆಟಿ ತಿಂಗಳ ಮಳೆಯಲ್ಲಿ ಶವಪೆಟ್ಟಿಗೆ ಎಳೆದು ತಂದರೆ ಅದು ಅಲ್ಲೇ ಕೂತಿರುತ್ತದೆ, ಮಾರಾಯ್ರೆ. ಪರದೆಯ ಬಿಸಿಲಿನ ಮೀಟರಿನಲ್ಲಿ ಒಂದು ಗೀಟು ಬರುತ್ತದೆ, ಹೋಗುತ್ತದೆ. ಮನೆಯೊಳಗಿನ ಟ್ಯೂಬ್‌ಲೈಟಿಗೆ ಈ ಕಣ್ಣು ಮೋಸಹೋಗುವುದಿಲ್ಲ. ಕಿಟಕಿ ಗಾಜಿನ ಹಿಂದೆ, ಅದರಲ್ಲೂ ಕಪ್ಪು ಫಿಲ್ಮ್ ಹಾಕಿದ ಕಾರಿನಲ್ಲಿ, ಗೀಟು ಇಳಿಯುತ್ತದೆ. ನವೆಂಬರ್‌ನಿಂದ ಮೇವರೆಗಿನ ಬಿಸಿಲು ಇದಕ್ಕೆಂದೇ ಮಾಡಿಸಿದ ಹಾಗಿರುತ್ತದೆ. ಮಳೆಗಾಲಕ್ಕೆ ಆಟದಲ್ಲೇ ಒಂದು ಏರ್ಪಾಡು ಉಂಟು: ಬಿಸಿಲಿದ್ದಾಗ ಗಳಿಸಿದ ಶಕ್ತಿಯನ್ನು ಕೂಡಿಡಲು ಬ್ಯಾಂಕು, ಕೈ ಖಾಲಿಯಾದಾಗ ಸಾಲ ಕೊಡುವ ಕತ್ತಲ ಅಂಗಡಿ. ಬ್ಯಾಂಕುಗಳ ತವರೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲೇ ಠೇವಣಿ ಬಲಪಡಿಸಿಕೊಂಡರೆ ಜೂನ್‌ನಲ್ಲಿ ಸ್ವಲ್ಪ ದಿನ ದೂಡಬಹುದು.

ಯಾವ ಯಂತ್ರದಲ್ಲಿ ಆಡಬೇಕು? ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಮಡಚಿ ಮುಚ್ಚುವ ಗೇಮ್‌ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ ಎರಡು ನಮೂನೆ. ಬೆನ್ನಿನ ಸ್ಟಿಕ್ಕರಿನಲ್ಲಿ ಎಜಿಎಸ್-001 ಎಂದಿದ್ದರೆ ಬೆಳಕು ಪರದೆಯ ಮುಂದಿನಿಂದ ಬೀಳುತ್ತದೆ, ಎಜಿಎಸ್-101 ಎಂದಿದ್ದರೆ ಹಿಂದಿನಿಂದ. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಬೆಳಕಿನ ಗುಂಡಿ ಒತ್ತಿ ನೋಡಿ: 001ರಲ್ಲಿ ಬೆಳಕು ಪೂರ್ತಿ ಆರುತ್ತದೆ, 101ರಲ್ಲಿ ಪ್ರಕಾಶ ಹೆಚ್ಚು ಕಡಿಮೆ ಆಗುತ್ತದೆ ಅಷ್ಟೆ. ಸಂಗ್ರಹಕಾರರು 101ಕ್ಕೆ ಮುಗಿಬೀಳುತ್ತಾರೆ, ಬೆಲೆಯೂ ಅದಕ್ಕೇ ಜಾಸ್ತಿ. ಕೋಣೆಯೊಳಗೆ ಅದು ನಿಜಕ್ಕೂ ಚೆಂದ. ಪಣಂಬೂರಿನ ಮರಳಿನ ಮೇಲೆ ಹನ್ನೊಂದು ಗಂಟೆಗೆ ತೆರೆದರೆ ಮಾತ್ರ ಬಣ್ಣವೆಲ್ಲ ಮಂಕು. ಎಲ್ಲರೂ ಬೈಯುವ ಹಳೆಯ 001, ಅಥವಾ ದೀಪವೇ ಇಲ್ಲದ 2001ರ ಮೊದಲ ಅಡ್ವಾನ್ಸ್, ಬಿಸಿಲಲ್ಲಿ ಕನ್ನಡಿಯ ಹಾಗೆ ಸ್ಪಷ್ಟ, ಏಕೆಂದರೆ ಅವುಗಳ ಪರದೆ ಹೊರಗಿನ ಬೆಳಕನ್ನೇ ಹಿಂದಿರುಗಿಸಿ ತೋರಿಸುತ್ತದೆ. ಬೊಕ್ಟಾಯ್‌ಗೆ ಅಗ್ಗದ ಯಂತ್ರವೇ ಸರಿಯಾದ ಯಂತ್ರ. ಇಂಥದ್ದು ಅಪರೂಪಕ್ಕೆ ಸಿಗುವ ಲಾಭ.

ಎಸ್‌ಪಿಯಲ್ಲಿ ಇನ್ನೊಂದು ಕಿರಿಕಿರಿ ಇದೆ. ಕ್ಯಾಸೆಟ್ ಕೆಳಗಿನಿಂದ ಹೋಗುವುದರಿಂದ ಕಣ್ಣು ನಿಮ್ಮ ಹೊಟ್ಟೆಯ ಹತ್ತಿರ ಬರುತ್ತದೆ, ಸೂರ್ಯ ಬೆನ್ನ ಹಿಂದಿದ್ದರೆ ಮೈಯ ನೆರಳೇ ಅದರ ಮೇಲೆ ಬೀಳುತ್ತದೆ. ಮೊದಲ ಅಡ್ವಾನ್ಸ್‌ನಲ್ಲಿ ಕ್ಯಾಸೆಟ್ ಮೇಲೆ. ತೆಂಗಿನ ಮರದ ನೆರಳಲ್ಲಿ ಕೂತು ಯಂತ್ರದ ತಲೆಯನ್ನಷ್ಟೇ ಬಿಸಿಲಿಗೆ ಚಾಚಿದರೆ ಗೀಟು ತುಂಬುತ್ತದೆ, ನೆತ್ತಿಯೂ ಕಾಯುವುದಿಲ್ಲ. ಆಡಿದ ಮೇಲೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ಹೋಗಬೇಡಿ, ಎಲ್‌ಸಿಡಿ ಕಾದರೆ ಕಪ್ಪು ಹಿಡಿಯುತ್ತದೆ.

ಎಮ್ಯುಲೇಟರಿನಲ್ಲಿ ಬಿಸಿಲನ್ನು ಮೆನುವಿನಿಂದ ಏರಿಸಬಹುದು. ಏರಿಸಿ ನೋಡಿ. ಸಾಧಾರಣವಾದ ಒಂದು ಅಡಗಿ ನಡೆಯುವ ಆಟ ಉಳಿಯುತ್ತದೆ, ಅಷ್ಟೆ. ಮೋಡ ಸರಿಯಲಿ ಎಂದು ಕಾಯುವ ಆಟ ಹೋಯಿತು.

ಕಿರ್ಬಿ ಟಿಲ್ಟ್ ಎನ್ ಟಂಬಲ್ ಅಡ್ವಾನ್ಸ್‌ಗಿಂತ ಹಿಂದಿನ ಗೇಮ್‌ಬಾಯ್ ಕಲರ್‌ನದು. ಜಪಾನಿನಲ್ಲಿ 2000, ಅಮೆರಿಕದಲ್ಲಿ 2001, ಯುರೋಪಿಗೆ ಬರಲೇ ಇಲ್ಲ. ಗುಂಡಿಗಳ ಕೆಲಸ ಬಹಳ ಕಡಿಮೆ. ಯಂತ್ರವನ್ನು ತಟ್ಟೆಯ ಹಾಗೆ ಹಿಡಿದು ವಾಲಿಸಿದರೆ ಕಿರ್ಬಿ ಎಂಬ ಗುಲಾಬಿ ಉಂಡೆ ಉರುಳುತ್ತದೆ, ಮೊರದಲ್ಲಿ ಅಕ್ಕಿ ಕೇರುವಂತೆ ಫಕ್ಕನೆ ಮೇಲಕ್ಕೆ ಎತ್ತಿದರೆ ಹಾರುತ್ತದೆ. ಮೊರ ಹಿಡಿದು ಗೊತ್ತಿದ್ದವರಿಗೆ ಎರಡನೇ ನಿಮಿಷಕ್ಕೇ ಕೈ ಕೂರುತ್ತದೆ.

ಇದನ್ನು ಎಸ್‌ಪಿಯಲ್ಲಿ ಹಾಕಿ "ಆಟ ಹಾಳಾಗಿದೆ" ಎಂದು ಹಿಂದಿರುಗಿಸುವವರಿದ್ದಾರೆ. ಹಾಳಾಗಿಲ್ಲ. ಎಸ್‌ಪಿಯಲ್ಲಿ ಕ್ಯಾಸೆಟ್ ತಲೆಕೆಳಗಾಗಿ ಕೂರುತ್ತದೆ. ವಾಲುವುದನ್ನು ಅಳೆಯುವ ಚಿಪ್‌ಗೆ ಎಡ ಬಲವಾಗುತ್ತದೆ, ಮುಂದೆ ಹಿಂದಾಗುತ್ತದೆ. ಗೇಮ್‌ಬಾಯ್ ಕಲರ್‌ನಲ್ಲಿ ಅಥವಾ ಮೊದಲ ಅಡ್ವಾನ್ಸ್‌ನಲ್ಲಿ ಹಾಕಿ, ಸರಿಹೋಗುತ್ತದೆ. ಇವೆರಡರ ಪರದೆಗೂ ದೀಪವಿಲ್ಲ, ಆದ್ದರಿಂದ ಟ್ಯೂಬ್‌ಲೈಟಿನ ಕೆಳಗೆ ಆಡಿದರೆ ವಾಲಿಸಿದಾಗಲೆಲ್ಲ ಬೆಳಕಿನ ಗೆರೆ ಕಣ್ಣಿಗೆ ಹೊಡೆಯುತ್ತದೆ. ಹಗಲು, ಮನೆಯ ಚಾವಡಿಯಲ್ಲಿ, ಬೆಳಕು ಪಕ್ಕದಿಂದ ಬರುವಂತೆ ಕೂತರೆ ಉತ್ತಮ. ಈ ಕ್ಯಾಸೆಟ್ಟಿನಲ್ಲಿ ಸೇವ್, ಅಂದರೆ ಆಟ ನಿಲ್ಲಿಸಿದ ಜಾಗದ ದಾಖಲೆ, ಉಳಿಯುವುದು ಸೆಲ್ ಬೇಡದ ಮೆಮೊರಿಯಲ್ಲಿ, ಅದೊಂದು ನೆಮ್ಮದಿ. 2023ರಿಂದ ನಿಂಟೆಂಡೊ ಸ್ವಿಚ್ ಎಂಬ ಈಚಿನ ಯಂತ್ರದ ಚಂದಾ ಪಟ್ಟಿಯಲ್ಲೂ ಇದೆ. ಈಗಾಗಲೇ ಸ್ವಿಚ್ ಇದ್ದವರು ಕ್ಯಾಸೆಟ್ ಹುಡುಕುವ ಮೊದಲು ಅಲ್ಲಿ ನೋಡಲಿ.

ನಾಲ್ಕರಲ್ಲಿ ಒಂದನ್ನೇ ಕೊಳ್ಳುವುದಾದರೆ ವಾರಿಯೋವೇರ್ ಟ್ವಿಸ್ಟೆಡ್. ಜಪಾನಿನಲ್ಲಿ 2004, ಅಮೆರಿಕದಲ್ಲಿ 2005. ಇನ್ನೂರಕ್ಕೂ ಹೆಚ್ಚು ಚಿಲ್ಲರೆ ಆಟಗಳು, ಒಂದೊಂದೂ ನಾಲ್ಕೈದು ಸೆಕೆಂಡಿನದು, ಹೆಚ್ಚಿನವುಗಳಿಗೆ ಯಂತ್ರವನ್ನೇ ಸ್ಟಿಯರಿಂಗಿನಂತೆ ತಿರುಗಿಸಬೇಕು. ಕ್ಯಾಸೆಟ್ಟಿನೊಳಗೆ ತಿರುಗುವುದನ್ನು ಅಳೆಯುವ ಗೈರೋ ಇದೆ, ನಡುಗುವ ಮೋಟರೂ ಇದೆ. ಬೀಗ ತಿರುಗಿಸಿದರೆ ಬೆರಳಿಗೆ ಕಟಕಟ ಹಲ್ಲು ಸಿಕ್ಕಿದಂತೆ ಅನಿಸುವುದು ಆ ಮೋಟರಿನಿಂದ. ಆಟದ ಚಿತ್ರ, ಶಬ್ದ ಎಲ್ಲ ತಮಾಷೆಯದು, ಆದರೆ ನೆನಪಿನಲ್ಲಿ ಉಳಿಯುವುದು ಆ ಹಲ್ಲು.

ಇದು ಎಸ್‌ಪಿಯಲ್ಲೂ ಸರಿಯಾಗಿ ನಡೆಯುತ್ತದೆ. ಕಿರ್ಬಿಗೆ ಆಗದ್ದು ಇದಕ್ಕೆ ಹೇಗೆ ಆಗುತ್ತದೆ ಎಂದು ಕೇಳಬಹುದು. ಗಡಿಯಾರದ ಮುಖವನ್ನು ತಲೆಕೆಳಗೆ ಇಟ್ಟರೂ ಮುಳ್ಳು ತಿರುಗುವ ದಿಕ್ಕು ಬದಲಾಗುವುದಿಲ್ಲ, ಅಷ್ಟೇ ಲೆಕ್ಕ. ಆನ್ ಮಾಡುವಾಗ ಯಂತ್ರ ಮೇಜಿನ ಮೇಲೆ ಅಲುಗಾಡದೆ ಇರಬೇಕು, ಗೈರೋ ತನ್ನ ಸೊನ್ನೆ ಗುರುತಿಸಿಕೊಳ್ಳುವುದು ಆಗಲೇ. ಕೈಯಲ್ಲಿ ಹಿಡಿದು ತಿರುಗಿಸುತ್ತಾ ಆನ್ ಮಾಡಿದರೆ ಚಿತ್ರ ತಾನಾಗಿಯೇ ಒಂದು ಕಡೆ ಜಾರುತ್ತಿರುತ್ತದೆ. ಆಗ ಆಫ್ ಮಾಡಿ, ಕೆಳಗಿಟ್ಟು, ಮತ್ತೆ ಆನ್ ಮಾಡಿ. ಚಾರ್ಜರಿನ ವಯರ್ ಸಿಕ್ಕಿಸಿಕೊಂಡು ಆಡುವ ಆಟವೂ ಅಲ್ಲ, ಮೂರು ಸುತ್ತಿಗೆ ವಯರ್ ಕೈಗೆ ಸುತ್ತಿಕೊಳ್ಳುತ್ತದೆ.

ಬಸ್ಸಿನಲ್ಲಿ ಆಡುವವರಿಗೆ ಒಂದು ಮಾತು. ಗೈರೋಗೆ ನಿಮ್ಮ ಕೈ ಯಾವುದು, ಬಸ್ಸು ಯಾವುದು ಗೊತ್ತಾಗುವುದಿಲ್ಲ. ಮಂಗಳೂರು-ಉಡುಪಿ ಹೆದ್ದಾರಿ ನೇರ ಇರುವಲ್ಲಿ ತೊಂದರೆಯಿಲ್ಲ, ನಂತೂರು ಸರ್ಕಲ್‌ನಲ್ಲಿ ತಿರುಗಿದಾಗ ಆಟವೂ ತಿರುಗುತ್ತದೆ. ಆಗುಂಬೆ ಘಾಟಿಯಲ್ಲಂತೂ ಹೊರಗೆ ತೆಗೆಯುವುದೇ ಬೇಡ. ಕಿರ್ಬಿಯ ಕಷ್ಟ ಬೇರೆ: ನಮ್ಮ ಎಕ್ಸ್‌ಪ್ರೆಸ್ ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಉಂಡೆ ಮುಂದಕ್ಕೆ ಓಡಿ ಹೊಂಡಕ್ಕೆ ಬೀಳುತ್ತದೆ. ರೈಲಿನಲ್ಲಿ ಎರಡೂ ಚೆನ್ನಾಗಿಯೇ ನಡೆಯುತ್ತವೆ.

ಡ್ರಿಲ್ ಡೋಜರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪೋಕೆಮಾನ್ ಮಾಡಿದ ಗೇಮ್ ಫ್ರೀಕ್‌ನದೇ ಆಟ, ನಿರ್ದೇಶಕ ಕೆನ್ ಸುಗಿಮೊರಿ. ಜಪಾನಿನಲ್ಲಿ 2005, ಅಮೆರಿಕದಲ್ಲಿ 2006. ಅಷ್ಟರಲ್ಲಿ ಎಲ್ಲರ ಕೈಗೆ ಮುಂದಿನ ಯಂತ್ರ ನಿಂಟೆಂಡೊ ಡಿಎಸ್ ಬಂದಾಗಿತ್ತು, ಅದಕ್ಕೇ ಮೂಲೆಗೆ ಬಿತ್ತು. ಬಲ ಭುಜದ ಗುಂಡಿಯಲ್ಲಿ ಡ್ರಿಲ್ ಮುಂದಕ್ಕೆ, ಎಡದ್ದರಲ್ಲಿ ಹಿಮ್ಮುಖ, ಗೇರ್ ಸಿಕ್ಕಿದಷ್ಟೂ ಹೆಚ್ಚು ಹೊತ್ತು ಕೊರೆಯುತ್ತದೆ. ಕ್ಯಾಸೆಟ್ಟಿನ ಮೋಟರ್ ಗೇರಿಗೆ ತಕ್ಕಂತೆ ನಡುಗುತ್ತದೆ. ನೋಡಬೇಕಾದದ್ದು ಭುಜದ ಗುಂಡಿಗಳನ್ನು: ಹಳೆಯ ಎಸ್‌ಪಿಗಳಲ್ಲಿ ಮೊದಲು ಸಾಯುವವು ಅವೇ, ಅವಿಲ್ಲದೆ ಈ ಆಟದಲ್ಲಿ ಒಂದು ಗೋಡೆಯನ್ನೂ ದಾಟಲಾಗದು.

ನಕಲಿಗಳ ವಿಷಯ. ಗೇಮ್‌ಬಾಯ್ ಕ್ಯಾಸೆಟ್ಟುಗಳಿಗೆ ದೇಶದ ಬೀಗವಿಲ್ಲ, ಜಪಾನಿನದ್ದೂ ಬೇರೆ ದೇಶದ ಯಂತ್ರಗಳಲ್ಲಿ ಓಡುತ್ತದೆ, ಮತ್ತು ಸಾಮಾನ್ಯವಾಗಿ ಅಗ್ಗ. ಟ್ವಿಸ್ಟೆಡ್, ಡ್ರಿಲ್ ಡೋಜರ್ ಜಪಾನಿ ಭಾಷೆಯಲ್ಲೂ ನಡೆದೀತು. ಬೊಕ್ಟಾಯ್‌ನಲ್ಲಿ ಓದಲು ಬಹಳ ಇದೆ, ಇಂಗ್ಲಿಷಿನದ್ದೇ ಬೇಕು. ಆನ್‌ಲೈನಿನಲ್ಲಿ ತೀರಾ ಕಡಿಮೆ ಬೆಲೆಗೆ ಹೊಚ್ಚಹೊಸದು ಎಂದು ಕಂಡರೆ ಒಳಗೆ ಗೈರೋ, ಕಣ್ಣು ಯಾವುದೂ ಇಲ್ಲದ ಬೋರ್ಡ್ ಇರುವ ಸಂಭವವೇ ಹೆಚ್ಚು. ಮಾರುವವರಿಂದ ಎರಡು ಫೋಟೊ ಕೇಳಿ. ಒಂದು, ಬಾಯಿಯ ಕಡೆಯಿಂದ: ಯಂತ್ರಕ್ಕೆ ತಾಗುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಬೋರ್ಡಿನಲ್ಲಿ ನಿಂಟೆಂಡೊ ಎಂದು ಅಚ್ಚು ಕಾಣಬೇಕು. ಇನ್ನೊಂದು, ಲೇಬಲ್ಲನ್ನು ಓರೆ ಬೆಳಕಿನಲ್ಲಿ: ಒರಿಜಿನಲ್‌ನಲ್ಲಿ ಎರಡಂಕಿಯ ಸಂಖ್ಯೆಯೊಂದು ಕಾಗದಕ್ಕೆ ಒತ್ತಿ ತಗ್ಗಾಗಿರುತ್ತದೆ. ಬೊಕ್ಟಾಯ್ ಆದರೆ ಕಣ್ಣಿನ ಫೋಟೊವೂ ಬೇಕು.

ಇನ್ನು ನಮ್ಮ ಹವೆ. ಕರಾವಳಿಯಲ್ಲಿ ಇವುಗಳ ನಿಜವಾದ ಶತ್ರು ಪ್ರಾಯ ಅಲ್ಲ, ತೇವ ಮತ್ತು ಉಪ್ಪುಗಾಳಿ. ಆಟ ಏಳದಿದ್ದರೆ ಕ್ಯಾಸೆಟ್ಟಿಗೆ ಊದಬೇಡಿ, ಉಸಿರಿನ ಪಸೆಯೇ ಹಲ್ಲುಗಳನ್ನು ಕಪ್ಪು ಮಾಡುತ್ತದೆ. ಬಡ್ಸನ್ನು 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಉದ್ದಕ್ಕೆ ಒರೆಸಿ, ಒಣ ಬಡ್ಸಿನಿಂದ ಮತ್ತೊಮ್ಮೆ, ಕಪ್ಪು ಬರುವುದು ನಿಲ್ಲುವ ತನಕ. ಮೆಡಿಕಲ್ ಶಾಪಿನ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರಿನ ಜೊತೆ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ. ತುಂಬಾ ಹಠಮಾರಿ ಕಲೆಗೆ ಪೆನ್ಸಿಲಿನ ಬಿಳಿ ರಬ್ಬರ್, ಹಗುರವಾಗಿ. ಹಿತ್ತಾಳೆ ತಿಕ್ಕುವ ಪುಡಿಯಂತೂ ಚಿನ್ನದ ಲೇಪವನ್ನೇ ಎಬ್ಬಿಸಿಬಿಡುತ್ತದೆ.

ಪೆನ್ಸಿಲ್ ಸೆಲ್ ಹಾಕುವ ಯಂತ್ರಗಳಲ್ಲಿ ಮಳೆಗಾಲಕ್ಕೆ ಸೆಲ್ ಒಳಗೆ ಬಿಡಬಾರದು. ಸೋರಿ ಬಿಳಿ ಉಪ್ಪು ಕಟ್ಟಿದ್ದರೆ, ಆಲ್ಕಲೈನ್ ಸೆಲ್ ಆಗಿದ್ದ ಪಕ್ಷದಲ್ಲಿ, ಲಿಂಬೆರಸ ಒಂದೆರಡು ಹನಿ ಮುಟ್ಟಿಸಿ, ನೊರೆ ನಿಂತ ಮೇಲೆ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ. ಕ್ಯಾಸೆಟ್ಟುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣ ಬದಲಾಯಿಸುವ ಜೆಲ್ ಆದರೆ ಒಳ್ಳೆಯದು, ತೇವ ಕುಡಿದದ್ದು ಕಾಣುತ್ತದೆ. ಹಪ್ಪಳದ ಡಬ್ಬಿಯನ್ನು ಕಾಯುವಷ್ಟು ಕಾದರೆ ಸಾಕು, ಲೇಬಲ್ಲಿಗೆ ಬೂಷ್ಟು ಹಿಡಿಯುವುದಿಲ್ಲ.

ಕೊನೆಗೆ ಕ್ಯಾಸೆಟ್ಟಿನೊಳಗಿನ ನಾಣ್ಯದ ಸೆಲ್. ಗೇಮ್‌ಬಾಯ್ ಮತ್ತು ಕಲರ್ ಕ್ಯಾಸೆಟ್ ಬಿಚ್ಚಲು 3.8 ಮಿ.ಮೀ. ವಿಶೇಷ ಸ್ಕ್ರೂಡ್ರೈವರ್ ಬಿಟ್, ಅಡ್ವಾನ್ಸ್‌ನದಕ್ಕೆ ಮೂರು ರೆಕ್ಕೆಯ ವೈ ಆಕಾರದ್ದು. ಬಿಚ್ಚಿದಾಗ ಸೆಲ್ ಕಂಡರೆ ಅದರ ಮೇಲಿನ ನಂಬರ್ ನೋಡಿ (ಹೆಚ್ಚಾಗಿ ಸಿಆರ್ 1616 ಅಥವಾ ಸಿಆರ್ 2025), ಅದೇ ನಂಬರಿನ, ಲೋಹದ ಕಾಲು ಮೊದಲೇ ಬೆಸೆದ ಸೆಲ್ ತಂದು ಸೋಲ್ಡರ್ ಮಾಡಿಸಿ. ಬರಿ ಸೆಲ್ಲನ್ನು ಟೇಪ್ ಹಚ್ಚಿ ಕೂರಿಸಿದರೆ ನಮ್ಮ ಸೆಕೆಗೆ ಅಂಟು ಕರಗಿ ಒಂದು ದಿನ ಸೇವ್ ಹೋಗುತ್ತದೆ. ಸೆಲ್ಲಿಗೇ ನೇರ ಬೆಸುಗೆ ಹಾಕುವುದು ಅಪಾಯ, ಒಡೆಯಬಹುದು. ಸೆಲ್‌ನಿಂದ ಸೇವ್ ಹಿಡಿದಿಡುವ ಆಟಗಳಲ್ಲಿ ಅದನ್ನು ತೆಗೆದ ಕ್ಷಣ ಹಳೆಯ ಸೇವ್ ಅಳಿಯುತ್ತದೆ, ಬೇಕಿದ್ದರೆ ಮೊದಲೇ ಕಂಪ್ಯೂಟರಿಗೆ ನಕಲು ತೆಗೆದಿಡಬೇಕು. ಬೊಕ್ಟಾಯ್‌ನಲ್ಲಿ ಆ ಭಯವಿಲ್ಲ. ಅದರ ಸೆಲ್ ನಡೆಸುವುದು ಗಡಿಯಾರವನ್ನು ಮಾತ್ರ, ಹೊಸ ಸೆಲ್ ಹಾಕಿದ ಮೇಲೆ ತಾರೀಕು, ಗಂಟೆ ಸರಿಯಾಗಿ ಕೊಟ್ಟರೆ ಶವಪೆಟ್ಟಿಗೆ ಬಿಟ್ಟ ಜಾಗದಲ್ಲೇ ಕಾದಿರುತ್ತದೆ.