ಚೋರ್ಲಾ ಘಾಟಿನ ಮಂಜಿಗೆ ಯಾವ ಫಾಗ್ ಲೈಟ್?

ಮಳೆಗಾಲದಲ್ಲಿ ಬೆಳಗಾವಿಯಿಂದ ಗೋವಾಕ್ಕೆ ಹೋಗಿಬಂದವರಿಗೆ ಜಾಂಬೋಟಿ ದಾಟಿದ ಮೇಲಿನ ರಸ್ತೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಕಣಕುಂಬಿ ಹತ್ತಿರ ಮಂಜು ಹಿಡಿದರೆ ಚೋರ್ಲಾ ಘಾಟ್ ಇಳಿಯುವವರೆಗೂ ಬಿಡುವುದಿಲ್ಲ. ಹೈ ಬೀಮ್ ಹಾಕಿದರೆ ಇನ್ನೂ ಕಷ್ಟ, ಬೆಳಕೆಲ್ಲ ವಾಪಸ್ ಕಣ್ಣಿಗೇ ಹೊಡೆಯುತ್ತದೆ.

ನಮ್ಮ ಮನೆಮಂದಿಯ ಮೂರು ಗಾಡಿಗಳಲ್ಲಿ ಮೂರು ಥರದ ಫಾಗ್ ಲೈಟ್ ಇವೆ. ನನ್ನ ಕಾರಿನಲ್ಲಿ ಕಂಪನಿಯ ಹ್ಯಾಲೊಜೆನ್ ಕಿಟ್. ತಮ್ಮನದು ಅದೇ ಮಾಡೆಲ್, ಡೂಮ್ (ಬಲ್ಬ್ ಕೂರುವ ಲೈಟಿನ ಗೂಡು) ಕೂಡ ಅದೇ, ಆದರೆ ಒಳಗೆ ಬಿಳಿ ಎಲ್‌ಇಡಿ ಬಲ್ಬ್. ಮಾವನ ಜೀಪಿನಲ್ಲಿ ಅಂಗಡಿಯಿಂದ ತಂದ, ಮುಂದೆ ಲೆನ್ಸ್ ಇರುವ ಹಳದಿ ಎಲ್‌ಇಡಿ ಪ್ರೊಜೆಕ್ಟರ್. ಮೂರನ್ನೂ ಇದೇ ಘಾಟಿನಲ್ಲಿ ಓಡಿಸಿ ನೋಡಿದ್ದೇನೆ.

ತಮ್ಮನದನ್ನು ಮೊದಲು ಮುಗಿಸಿಬಿಡುತ್ತೇನೆ. ಮನೆ ಮುಂದೆ ನಿಲ್ಲಿಸಿ ಆನ್ ಮಾಡಿದರೆ ಮೂರರಲ್ಲಿ ಅದೇ ಜೋರು. ಮಂಜಿನಲ್ಲಿ ಮಾತ್ರ ಅದೇ ಕೆಟ್ಟದ್ದು. ಹ್ಯಾಲೊಜೆನ್ ಡೂಮಿನ ರಿಫ್ಲೆಕ್ಟರನ್ನು ಆ ಬಲ್ಬಿನ ತಂತಿ ಎಲ್ಲಿ ಉರಿಯುತ್ತದೋ ಆ ಜಾಗದ ಲೆಕ್ಕಕ್ಕೆ ಮಾಡಿರುತ್ತಾರೆ. ಎಲ್‌ಇಡಿ ಚಿಪ್ ಸರಿಯಾಗಿ ಅಲ್ಲಿ ಕೂರುವುದಿಲ್ಲ. ಬೆಳಕು ಮೇಲಕ್ಕೂ ಚೆಲ್ಲುತ್ತದೆ, ಎದುರಿನವನು ಡಿಪ್ಪರ್ ಹೊಡೆದು ಬೈಯುತ್ತಾನೆ. ಫಾಗ್ ಲೈಟ್ ಕೆಲಸವೇ ಬೆಳಕನ್ನು ಕೆಳಗೆ, ಅಗಲಕ್ಕೆ ಹರಡುವುದು, ಮೇಲೆ ಗೆರೆ ಎಳೆದ ಹಾಗೆ ಕತ್ತರಿಸುವುದು. ಆ ಗೆರೆಯೇ ಇಲ್ಲ ಅಂದ ಮೇಲೆ ಎಷ್ಟು ಪ್ರಕಾಶ ಇದ್ದರೇನು, ಅಲ್ವಾ?

ಉಳಿದ ಎರಡರ ನಡುವೆ ಆರಿಸುವುದು ಸ್ವಲ್ಪ ಕಷ್ಟ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಅಂತ ಅಂಗಡಿಯವರು ಹೇಳುವುದು ಸುಮ್ನೆ ಮಾತು. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು. ಅವಕ್ಕೆ ಎಲ್ಲ ಬಣ್ಣವೂ ಹೆಚ್ಚುಕಮ್ಮಿ ಒಂದೇ. ಆದರೆ ನೀಲಿ ಅಂಶ ಕಡಿಮೆ ಆದಾಗ ಕಣ್ಣಿಗೆ ಚುಚ್ಚುವುದು ಕಡಿಮೆ ಆಗುತ್ತದೆ, ಅದು ನಿಜ. ಮಾವನ ಜೀಪಿನಲ್ಲಿ ಒದ್ದೆ ಡಾಂಬರಿನ ಅಂಚು, ಪಕ್ಕದ ಬಿಳಿ ಪಟ್ಟಿ, ಅದರಾಚೆ ಕೆಂಪು ಮಣ್ಣು ಕೊಚ್ಚಿಹೋಗಿರುವ ಜಾಗ ಬೇರೆ ಬೇರೆಯಾಗಿ ಕಾಣುತ್ತಿದ್ದವು. ನನ್ನ ಹ್ಯಾಲೊಜೆನ್‌ನಲ್ಲಿ ಪಟ್ಟಿ ಕಾಣುತ್ತದೆ, ಮಣ್ಣಿನ ಅಂಚು ಅಷ್ಟು ಬಿಡಿಸಿ ಕಾಣುವುದಿಲ್ಲ. ಬೆಳಕಿನ ವಿಷಯದಲ್ಲಿ ಪ್ರೊಜೆಕ್ಟರ್ ಒಂದು ಕೈ ಮೇಲು.

ವೈರಿಂಗ್‌ಗೆ ಬಂದರೆ ಲೆಕ್ಕ ಉಲ್ಟಾ. ನನ್ನ ಕಾರಿನಲ್ಲಿ ಬಂಪರ್ ಹಿಂದೆ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ಆಗಲೇ ಇತ್ತು. ಡೂಮ್ ಕೂರಿಸಿ ಕಪ್ಲರ್ ಸಿಕ್ಕಿಸಿ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಮತ್ತು ಫ್ಯೂಸ್ ಅವುಗಳ ಜಾಗಕ್ಕೆ ಒತ್ತಿ, ಸ್ವಿಚ್ ಬದಲಿಸಿದರೆ ಮುಗಿಯಿತು. ಒಂದು ವೈರೂ ಕತ್ತರಿಸಲಿಲ್ಲ, ವಾರಂಟಿ ಚಿಂತೆಯೂ ಇಲ್ಲ. ಎಲ್ಲ ಗಾಡಿಯಲ್ಲೂ ಹೀಗಿರಲ್ಲ. ಕಿಟ್ ಕೊಳ್ಳುವ ಮೊದಲು ಬಂಪರಿನ ಮುಚ್ಚಳ ತೆಗೆಸಿ ನೋಡಿ.

ಜೀಪಿಗೆ ಎಲ್ಲವನ್ನೂ ಹೊಸದಾಗಿ ಎಳೆಯಬೇಕಾಯಿತು. ಎಲೆಕ್ಟ್ರಿಷಿಯನ್ ಒಂದೇ ಹಟ: "ಎಲ್‌ಇಡಿಗೆ ರಿಲೇ ಯಾಕ್ ಬೇಕ್ರಿ ಸರ್, ಪಾರ್ಕಿಂಗ್ ವೈರಿಗೆ ಡೈರೆಕ್ಟ್ ಕೊಡ್ತೀನಿ." ಮಾವ ಒಪ್ಪಲಿಲ್ಲ. "ನೀ ರಿಲೇ ಹಾಕೋ ತಮ್ಮಾ, ರೊಕ್ಕ ನಾ ಕೊಡ್ತೀನಿ" ಅಂದರು. ಮಾವ ಹೇಳಿದ್ದೇ ಸರಿ. 12 ವೋಲ್ಟಿನಲ್ಲಿ 55 ವ್ಯಾಟಿನ ಎರಡು ಹ್ಯಾಲೊಜೆನ್ ಬಲ್ಬ್ ಒಂಬತ್ತು ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತವೆ, 20 ವ್ಯಾಟಿನ ಎರಡು ಎಲ್‌ಇಡಿ ಮೂರೂವರೆಯೊಳಗೆ. ಕಡಿಮೆ ನಿಜ. ಆದರೆ ಪಾರ್ಕಿಂಗ್ ವೈರ್ ಇರುವುದು ಸಣ್ಣ ಬಲ್ಬಿಗೆ. ಅದರಿಂದ ಬರೀ ರಿಲೇಯ 86ನೇ ಪಿನ್ನಿಗೆ ಸ್ವಿಚ್ ಮೂಲಕ ಸಿಗ್ನಲ್ ಕೊಡಬೇಕು. 85 ಅರ್ಥಿಂಗ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ. ಬ್ಯಾಟರಿಯಿಂದ ಬರುವ ಲೈನ್ 30ಕ್ಕೆ, ಲೈಟಿಗೆ ಹೋಗುವುದು 87ರಿಂದ. ಹೀಗಿದ್ದರೆ ಪಾರ್ಕಿಂಗ್ ಲೈಟ್ ಆಫ್ ಮಾಡಿದಾಗ ಫಾಗ್ ಲೈಟೂ ಆರುತ್ತದೆ.

ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ, ಲೈಟಿನ ಹತ್ತಿರ ಅಲ್ಲ. ವೈರ್ ಮಧ್ಯದಲ್ಲಿ ಎಲ್ಲೋ ಸವೆದು ಗಾಡಿಯ ಲೋಹದ ಮೈಗೆ ತಾಗಿದರೆ ಕಾಪಾಡುವುದು ಆಗ ಮಾತ್ರ. ಕ್ಯಾಬಿನ್ ಒಳಗೆ ವೈರ್ ತರುವಾಗ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಮೂಲಕವೇ ತರಲಿ. ಅರ್ಥಿಂಗ್ ಬೋಲ್ಟಿನ ಕೆಳಗೆ ಪೇಂಟ್ ಕೆರೆಸಿ. ನಮ್ಮ ಕಡೆಯ ಮಳೆಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ನಿಲ್ಲುವುದಿಲ್ಲ, ಬಿಸಿಗೆ ಬಿಗಿಯುವ ಸ್ಲೀವ್ ಹಾಕಿಸಿ.

ನನ್ನ ಆಯ್ಕೆ? ಬಂಪರ್ ಹಿಂದೆ ಕಪ್ಲರ್ ಇದ್ದರೆ ಕಂಪನಿ ಕಿಟ್, ಕಣ್ಣು ಮುಚ್ಚಿಕೊಂಡು. ಇಲ್ಲದಿದ್ದರೆ ಹೇಗೂ ಹೊಸ ವೈರ್ ಎಳೆಯಬೇಕು, ಆಗ ಹಳದಿ ಪ್ರೊಜೆಕ್ಟರೇ ಇರಲಿ. ಯಾವುದೇ ಹಾಕಿಸಿದರೂ ಅಂಗಡಿಯಿಂದ ಹೊರಡುವ ಮುಂಚೆ ಸಮತಟ್ಟು ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ ನೋಡಿ. ಬೆಳಕಿನ ಮೇಲಿನ ಗೆರೆ ಲೈಟಿನ ಮಧ್ಯಬಿಂದುವಿನ ಎತ್ತರಕ್ಕಿಂತ ನಾಲ್ಕು ಇಂಚು ಕೆಳಗೆ ಬೀಳಬೇಕು. ಮೇಲೆ ಬಿದ್ದರೆ ಅಲ್ಲೇ ಸ್ಕ್ರೂ ತಿರುಗಿಸಿ ಸರಿ ಮಾಡಿಸಿ, ಆಮೇಲೆ ದುಡ್ಡು ಕೊಡಿ.