ಮಾಫುಶಿ ದ್ವೀಪ: ಒಬ್ಬರೇ ಹೋದರೆ ಖರ್ಚೆಷ್ಟು, ಕೈ ಸುಡುವುದೆಲ್ಲಿ

ಮಾಲ್ಡೀವ್ಸ್ ಅಂದಕೂಡಲೇ ನಮ್ಮವರ ಕಣ್ಣ ಮುಂದೆ ಬರುವುದು ನೀರಿನ ಮೇಲೆ ಕಟ್ಟಿದ ಮರದ ಮನೆ, ಹೊಸದಾಗಿ ಮದುವೆಯಾದ ಜೋಡಿ, ಎದೆ ಝಲ್ಲೆನಿಸುವ ಬಿಲ್ಲು. ಅದು ರೆಸಾರ್ಟ್ ದ್ವೀಪಗಳ ಮಾತು. ಊರಿನ ಜನ ಬಾಳುವ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ನಡೆಸಲು 2009–10ರ ಸುಮಾರಿಗೆ ಸರ್ಕಾರ ದಾರಿ ಮಾಡಿಕೊಟ್ಟ ಮೇಲೆ ಸಾಧಾರಣ ಸಂಬಳದವರೂ ಅಲ್ಲಿ ನಾಲ್ಕು ದಿನ ಇದ್ದು ಬರುವಂತಾಯಿತು. ಆ ಬಗೆಯ ದ್ವೀಪಗಳಲ್ಲಿ ಮೊದಲು ಬೆಳೆದದ್ದು ರಾಜಧಾನಿ ಮಾಲೆಯಿಂದ ದಕ್ಷಿಣಕ್ಕೆ ಸುಮಾರು 27 ಕಿ.ಮೀ. ದೂರದ ಮಾಫುಶಿ. ಉದ್ದ ಒಂದೂಕಾಲು ಕಿ.ಮೀ., ಅಗಲ ಕಾಲು ಕಿ.ಮೀ.ಗಿಂತ ತುಸು ಹೆಚ್ಚು. ಈ ತುದಿಯಿಂದ ಆ ತುದಿಗೆ ಇಪ್ಪತ್ತು ನಿಮಿಷದ ನಡಿಗೆ.

ಒಬ್ಬರೇ ಹೋಗುವವರು ಮೊದಲು ಒಂದು ಮಾತು ತಿಳಿದುಕೊಂಡಿರಬೇಕು. ಇಲ್ಲಿ ಊಟ, ಫೆರ್ರಿ, ಟೀ ಇವು ಯಾವುವೂ ಬಜೆಟ್ ಮುರಿಯುವುದಿಲ್ಲ. ಮುರಿಯುವುದು ಕೋಣೆಗೆ ಇಷ್ಟು, ಬೋಟಿಗೆ ಇಷ್ಟು ಅಂತ ಲೆಕ್ಕ ಹಾಕುವ ಬಾಬ್ತುಗಳು. ಇಬ್ಬರಿದ್ದರೆ ಅವು ಅರ್ಧವಾಗುತ್ತವೆ, ಒಬ್ಬರಿದ್ದರೆ ಪೂರ್ತಿ ಒಬ್ಬರ ತಲೆಯ ಮೇಲೆ. ಮಾಫುಶಿಯಲ್ಲಿ ಜನ ಜಾಸ್ತಿ, ಕಟ್ಟಡ ಜಾಸ್ತಿ, ‘ಏಕಾಂತ ಸಿಗಲ್ಲ’ ಅಂತ ದೂರುವವರಿದ್ದಾರೆ. ದೂರು ನಿಜವೇ. ಆದರೆ ಒಬ್ಬರೇ ಹೋದವರ ದುಡ್ಡು ಉಳಿಸುವುದು ಆ ಜನಸಂದಣಿಯೇ. ಅದು ಹೇಗೆ ಅನ್ನುವುದು ಬೋಟಿನ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಮೊದಲು ಕೋಣೆ. ಬುಕಿಂಗ್ ಆ್ಯಪಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ದರ ಕೊನೆಯ ದರವಲ್ಲ. ಅದರ ಮೇಲೆ ಮೂರು ಸೇರುತ್ತವೆ: ಸೇವಾ ಶುಲ್ಕ ಸಾಮಾನ್ಯವಾಗಿ ಶೇ. 10, ಪ್ರವಾಸೋದ್ಯಮದ ಜಿಎಸ್‌ಟಿ ಶೇ. 17 (2025ರ ಜುಲೈ 1ರಿಂದ, ಅದಕ್ಕೂ ಮುಂಚೆ 16 ಇತ್ತು), ಮತ್ತು ಗ್ರೀನ್ ಟ್ಯಾಕ್ಸ್. 2025ರ ಜನವರಿಯಿಂದ ಗ್ರೀನ್ ಟ್ಯಾಕ್ಸ್ ದುಪ್ಪಟ್ಟಾಗಿದೆ. ಊರಿನ ದ್ವೀಪದಲ್ಲಿ 50 ಕೋಣೆಯೊಳಗಿನ ಗೆಸ್ಟ್‌ಹೌಸ್ ಆದರೆ ತಲೆಗೆ ದಿನಕ್ಕೆ 6 ಡಾಲರ್, ಅದಕ್ಕಿಂತ ದೊಡ್ಡದಾದರೆ 12. ಮಾಫುಶಿಯಲ್ಲಿ ದೊಡ್ಡ ಹೋಟೆಲುಗಳೂ ಎದ್ದಿವೆ. ಕೋಣೆ ಎಷ್ಟಿದೆ ಅಂತ ಬುಕ್ ಮಾಡುವ ಮೊದಲೇ ಕೇಳಿ. ನಾಲ್ಕು ರಾತ್ರಿಗೆ 24 ಡಾಲರ್ ವ್ಯತ್ಯಾಸ ಬರುತ್ತದೆ.

ಈಗ 40 ಡಾಲರ್ ಅಂತ ತೋರಿಸುವ ಕೋಣೆಯ ಲೆಕ್ಕ ಹಾಕೋಣ. ಸೇವಾ ಶುಲ್ಕ 4, ಒಟ್ಟು 44. ಆ 44ರ ಮೇಲೆ ಶೇ. 17 ಅಂದರೆ 7.48, ತೆರಿಗೆ ಬೀಳುವುದು ಸೇವಾ ಶುಲ್ಕ ಸೇರಿಸಿದ ಮೊತ್ತದ ಮೇಲೆ. ಅಲ್ಲಿಗೆ 51.48. ಗ್ರೀನ್ ಟ್ಯಾಕ್ಸ್ 6 ಸೇರಿ 57.48. ಇದೇ ಕೋಣೆಯಲ್ಲಿ ಇಬ್ಬರಿದ್ದರೆ ಒಬ್ಬೊಬ್ಬರಿಗೆ 31.74. ಅಂದರೆ ಒಬ್ಬರೇ ಇರುವುದಕ್ಕೆ ಪ್ರತಿ ರಾತ್ರಿ ಹೆಚ್ಚು ಕಡಿಮೆ 26 ಡಾಲರ್ ಹೆಚ್ಚು ತೆರುತ್ತೀರಿ. ಇದನ್ನು ತಪ್ಪಿಸಲಾಗದು, ತಗ್ಗಿಸಬಹುದು. ಸಮುದ್ರ ಕಾಣುವ ಕೋಣೆಗೆ ದುಡ್ಡು ಸುರಿಯಬೇಡಿ. ದ್ವೀಪದ ಅಗಲವೇ ಕಾಲು ಕಿ.ಮೀ. ಇರುವಾಗ ಒಳಗಿನ ಬೀದಿಯ ಕೋಣೆಯಿಂದಲೂ ಮೂರು ನಿಮಿಷದಲ್ಲಿ ದಡ ಸೇರುತ್ತೀರಿ. ತಿಂಡಿ ಸೇರಿರುವ ದರವನ್ನೇ ಹಿಡಿಯಿರಿ. ಮೂರಕ್ಕಿಂತ ಹೆಚ್ಚು ರಾತ್ರಿ ಇರುವುದಾದರೆ ಗೆಸ್ಟ್‌ಹೌಸಿಗೆ ನೇರವಾಗಿ ಸಂದೇಶ ಕಳಿಸಿ, ‘ಎಲ್ಲಾ ತೆರಿಗೆ ಸೇರಿ ಒಬ್ಬರಿಗೆ ಎಷ್ಟು’ ಅಂತಲೇ ಕೇಳಿ. ಆ ಮಾತು ಬರವಣಿಗೆಯಲ್ಲಿ ಇದ್ದರೆ ಹೊರಡುವ ದಿನ ಕೌಂಟರಿನಲ್ಲಿ ಜಟಾಪಟಿ ಇರುವುದಿಲ್ಲ.

ಹೋಗುವ ಬಗೆ. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನವಿದೆ, ಎರಡು ಗಂಟೆಯ ಆಸುಪಾಸು. ಟಿಕೆಟ್ ದರ ಯಾಕಿಷ್ಟು ಅಂತ ಗಾಬರಿಯಾಗುವುದಕ್ಕೆ ಒಂದು ಕಾರಣವಿದೆ: 2024ರ ಡಿಸೆಂಬರ್‌ನಿಂದ ಅಲ್ಲಿಂದ ಹೊರಡುವ ಎಕಾನಮಿ ಪ್ರಯಾಣಿಕ ವಿದೇಶಿಗನಾದರೆ ನಿರ್ಗಮನ ತೆರಿಗೆ 50 ಡಾಲರ್, ವಿಮಾನ ನಿಲ್ದಾಣ ಅಭಿವೃದ್ಧಿ ಶುಲ್ಕ ಮತ್ತೆ 50 ಡಾಲರ್. ಎರಡೂ ಟಿಕೆಟಿನಲ್ಲೇ ಸೇರಿರುತ್ತವೆ, ಅಲ್ಲಿ ಮತ್ತೆ ಕೊಡಬೇಕಿಲ್ಲ. ವೀಸಾ ಇಳಿದ ಮೇಲೆ ಸಿಗುತ್ತದೆ, ಹಣವಿಲ್ಲ. ಪ್ರಯಾಣಕ್ಕೆ 96 ಗಂಟೆಯೊಳಗೆ ‘ಇಮುಗಾ’ ಅನ್ನುವ ಸರ್ಕಾರಿ ಜಾಲತಾಣದಲ್ಲಿ ವಿವರ ತುಂಬಬೇಕು, ಅದೂ ಉಚಿತ. ಹುಡುಕಿದಾಗ ಮೇಲೆಯೇ ಬಂದು ‘ಶುಲ್ಕ ಕಟ್ಟಿ’ ಅನ್ನುವ ತಾಣಗಳು ಸರ್ಕಾರದ್ದಲ್ಲ. ವಾಪಸ್ ಟಿಕೆಟ್ ಮತ್ತು ಕೋಣೆಯ ಬುಕಿಂಗ್ ಕಾಗದ ಕೈಯಲ್ಲಿ ಇಟ್ಟುಕೊಳ್ಳಿ. ಚೀಲದಲ್ಲಿ ಮದ್ಯ, ಹಂದಿಮಾಂಸ, ಇ-ಸಿಗರೇಟು ಒಯ್ಯುವಂತಿಲ್ಲ. ಪೂಜೆಯ ವಿಗ್ರಹಗಳಿಗೂ ಕಸ್ಟಮ್ಸ್ ನಿಷೇಧವಿದೆ. ನಮ್ಮವರು ಚೀಲದ ಮೂಲೆಯಲ್ಲಿ ಇಟ್ಟುಕೊಳ್ಳುವ ಪುಟ್ಟ ಗಣಪನನ್ನು ಮನೆಯಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು.

ವಿಮಾನ ನಿಲ್ದಾಣವೇ ಒಂದು ದ್ವೀಪ. ಹೊರಗೆ ಕಾಲಿಟ್ಟರೆ ಎದುರಿಗೇ ಬೋಟಿನ ಕಟ್ಟೆ. ಮಾಫುಶಿಗೆ ಎರಡು ದಾರಿ. ಸ್ಪೀಡ್‌ಬೋಟ್ ನಿಲ್ದಾಣದಿಂದಲೇ ಹೊರಟು ಅರ್ಧ-ಮುಕ್ಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ, ಒಂದು ಕಡೆಗೆ 20ರಿಂದ 25 ಡಾಲರ್. ಇನ್ನೊಂದು ಸರ್ಕಾರಿ ಸಂಸ್ಥೆ ಎಂಟಿಸಿಸಿಯ ಫೆರ್ರಿ: ಮಾಲೆಯ ನೈಋತ್ಯ ಮೂಲೆಯ ವಿಲ್ಲಿಂಗಿಲಿ ಕಟ್ಟೆಯಿಂದ ಹೊರಡುತ್ತದೆ, ಒಂದೂವರೆ ಗಂಟೆಯ ಹಾದಿ, ದರ ಮೂರ್ನಾಲ್ಕು ಡಾಲರ್ ಒಳಗೆ. ಅಲ್ಲಿಗೆ ತಲುಪಲು ನಿಲ್ದಾಣದಿಂದ ಮಾಲೆಗೆ ಹತ್ತು ನಿಮಿಷದ ಇನ್ನೊಂದು ಫೆರ್ರಿ, ಆಮೇಲೆ ಟ್ಯಾಕ್ಸಿ. ಎಲ್ಲ ಸೇರಿದರೂ ಏಳೆಂಟು ಡಾಲರ್ ದಾಟುವುದಿಲ್ಲ.

ಈ ಫೆರ್ರಿಯನ್ನು ಬರೀ ಅಗ್ಗ ಅಂತ ಹೊಗಳುವುದಲ್ಲ, ಅದರ ಗುಣವೇ ಬೇರೆ. ‘ಧೋನಿ’ ಅನ್ನುವ ಅಲ್ಲಿನ ಉದ್ದನೆಯ ದೋಣಿ, ಎರಡೂ ಬದಿಗೆ ಬೆಂಚು, ತೆರೆದ ಕಿಟಕಿ, ಡೀಸೆಲ್ ವಾಸನೆ. ಕಾಲಬುಡದಲ್ಲಿ ಊರಿನವರ ಅಕ್ಕಿ ಮೂಟೆ, ಮೊಟ್ಟೆಯ ಟ್ರೇ, ಹಗ್ಗ ಕಟ್ಟಿದ ಫ್ಯಾನಿನ ಡಬ್ಬ. ನೀರು ಕಡುನೀಲಿಯಿಂದ ಹಸಿರಿಗೆ ತಿರುಗುವ ಜಾಗ, ಅಂದರೆ ಹವಳದ ದಿಬ್ಬ ಶುರುವಾಗುವ ಗೆರೆ, ನಿಧಾನದ ಬೋಟಿನಲ್ಲಿ ಕಣ್ತುಂಬ ಕಾಣುತ್ತದೆ. ಸ್ಪೀಡ್‌ಬೋಟಿನಲ್ಲಿ ಅಲೆಗೆ ಕುಕ್ಕರಿಸುವ ಸೊಂಟ ಹಿಡಿದುಕೊಳ್ಳುವುದರಲ್ಲೇ ದಾರಿ ಮುಗಿದಿರುತ್ತದೆ. ಸ್ಪೀಡ್‌ಬೋಟೇ ಹತ್ತಿದರೆ ಹಿಂದಿನ ಸೀಟು ಹಿಡಿಯಿರಿ. ಏಟು ಹೆಚ್ಚು ಬೀಳುವುದು ಮೂತಿಯ ಕಡೆ. ಚೀಲಕ್ಕೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ.

ಲೆಕ್ಕ ತಪ್ಪುವುದು ಹೆಚ್ಚಾಗಿ ಇದೇ ಫೆರ್ರಿಯಲ್ಲಿ. ದಿನಕ್ಕೆ ಇರುವುದೇ ಒಂದೆರಡು. ಮಾಲೆಯಿಂದ ಹೊರಡುವುದು ರೂಢಿಯಲ್ಲಿ ಮಧ್ಯಾಹ್ನ 3ರ ಸುಮಾರಿಗೆ, ಮಾಫುಶಿಯಿಂದ ಮರಳುವುದು ಬೆಳಿಗ್ಗೆ 7:30ರ ಸುಮಾರಿಗೆ. ಸಮಯ ಬದಲಾಗುತ್ತಿರುತ್ತದೆ, ಹಿಂದಿನ ದಿನ ಗೆಸ್ಟ್‌ಹೌಸಿನವರನ್ನು ಕೇಳಿಯೇ ನಂಬಿ. ಶುಕ್ರವಾರ ಫೆರ್ರಿ ಇಲ್ಲ. ವಿಮಾನ ಮಧ್ಯಾಹ್ನ ಎರಡರ ಮೇಲೆ ಇಳಿದರೆ ಅವತ್ತಿನ ಫೆರ್ರಿಯ ಆಸೆ ಬಿಡಿ. ಫೆರ್ರಿಗೆ ಕಾಯಲೆಂದು ಮಾಲೆಯಲ್ಲಿ ಒಂದು ರಾತ್ರಿ ಉಳಿದರೆ ಉಳಿಸಿದ ಹದಿನೈದಿಪ್ಪತ್ತು ಡಾಲರಿಗೆ ಐವತ್ತು ಕಳೆದ ಹಾಗೆ. ಹೋಗುವಾಗ ಸ್ಪೀಡ್‌ಬೋಟ್, ಬರುವಾಗ ಬೆಳಗಿನ ಫೆರ್ರಿ: ಬಹುಪಾಲು ಜನರಿಗೆ ಹೊಂದುವುದು ಇದೇ ಜೋಡಣೆ.

ಇನ್ನು ಬೋಟ್ ಸುತ್ತಾಟ. ಸಣ್ಣ, ಸುಂದರ, ಜನ ಕಡಿಮೆ ಇರುವ ದ್ವೀಪಗಳಲ್ಲಿ ಹವಳ ನೋಡಲು ಕರೆದೊಯ್ಯುವ ಬೋಟಿಗೆ ‘ಕನಿಷ್ಠ ಇಷ್ಟು ಜನ’ ಅನ್ನುವ ಕಟ್ಟು ಇರುತ್ತದೆ. ಜನ ಸೇರದಿದ್ದರೆ ಒಂದೋ ನಾಲ್ಕು ಜನರ ದುಡ್ಡು ಒಬ್ಬರೇ ಕೊಡಬೇಕು, ಇಲ್ಲವೇ ದಡದಲ್ಲಿ ಕೂರಬೇಕು. ಮಾಫುಶಿಯಲ್ಲಿ ಮಳೆ ಗಾಳಿ ಇಲ್ಲದ ದಿನಗಳಲ್ಲಿ ಬೆಳಿಗ್ಗೆ ಬೋಟುಗಳು ಸಾಲಾಗಿ ಹೊರಡುತ್ತವೆ, ದರ ತಲೆಗೆ ಇಷ್ಟು ಅಂತ. ಎರಡು ಮೂರು ಕಡೆ ಸ್ನಾರ್ಕ್ಲಿಂಗ್ (ಮಾಸ್ಕ್, ಉಸಿರುಕೊಳವೆ ಹಾಕಿ ನೀರಿನ ಮೇಲೆ ತೇಲುತ್ತಾ ಹವಳ ನೋಡುವುದು), ಆಮೆ ಇರುವ ದಿಬ್ಬ, ಮರಳದಿಣ್ಣೆಯ ಮೇಲೆ ಊಟ ಸೇರಿದ ಸುತ್ತಾಟಕ್ಕೆ 30ರಿಂದ 40 ಡಾಲರ್. ಹಿಂದಿನ ಸಂಜೆ ಬೀದಿಯಲ್ಲಿ ನಡೆದು ಮೂರು ಕಡೆ ವಿಚಾರಿಸಿ. ದರ ಕೇಳಿದರೆ ಸಾಲದು: ಎಷ್ಟು ಜಾಗ, ನೀರಿನಲ್ಲಿ ಎಷ್ಟು ಹೊತ್ತು, ಜೊತೆಗೆ ಗೈಡ್ ನೀರಿಗಿಳಿಯುತ್ತಾನೋ ಇಲ್ಲವೋ, ಲೈಫ್ ಜಾಕೆಟ್ ಇದೆಯೋ, ತೆರಿಗೆ ಸೇರಿದೆಯೋ. ಒಬ್ಬರೇ ಹೋದವರಿಗೆ ನೀರಿನಲ್ಲಿ ಜೊತೆಗಾರ ಇರುವುದಿಲ್ಲ, ಹಾಗಾಗಿ ಗೈಡ್ ಇಳಿಯುವ ಬೋಟಿಗೆ ಐದು ಡಾಲರ್ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಈಜು ಬಾರದಿದ್ದರೆ ಅದನ್ನು ಮುಚ್ಚಿಡದೆ ಮೊದಲೇ ಹೇಳಿ.

ದಡದಿಂದಲೇ ಇಳಿದು ಹವಳ ನೋಡುವ ಆಸೆಯಿದ್ದರೆ ಮಾಫುಶಿ ನಿರಾಸೆ ಮಾಡುತ್ತದೆ. ದ್ವೀಪಕ್ಕೆ ಹೊಂದಿಕೊಂಡ ಹವಳ ಸೊರಗಿದೆ. ಬಿಕಿನಿ ಬೀಚ್ ಅನ್ನುವ, ಪ್ರವಾಸಿಗರು ಈಜುಡುಗೆ ತೊಡಬಹುದಾದ ದಡವೂ ಚಿಕ್ಕದು. ಉಳಿದೆಡೆ ಹೆಣ್ಣಾಗಲಿ ಗಂಡಾಗಲಿ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ತಿಮಿಂಗಿಲ ಶಾರ್ಕ್ ನೋಡಲೇಬೇಕು ಅನ್ನುವವರು ಇಲ್ಲಿಂದ ದಿನವಿಡೀ ಬೋಟಿನಲ್ಲಿ ಅಲೆದು ನೂರು ಡಾಲರ್ ಖರ್ಚು ಮಾಡುವುದಕ್ಕಿಂತ ದಕ್ಷಿಣ ಆರಿ ಹವಳವಲಯದ ಧಿಗುರಾದಲ್ಲೇ ತಂಗುವುದು ಸರಿ, ಹೋಗಿಬರುವ ಸ್ಪೀಡ್‌ಬೋಟ್ ದುಬಾರಿಯಾದರೂ. ಮಾಸ್ಕ್ ಮತ್ತು ಉಸಿರುಕೊಳವೆ ಊರಿನಿಂದಲೇ ಒಯ್ಯಿರಿ. ದಿನಬಾಡಿಗೆ ಉಳಿಯುತ್ತದೆ, ಮುಖಕ್ಕೆ ಕೂರುವುದೂ ಖಾತ್ರಿ. ಅಂಗಡಿಯಲ್ಲಿ ಪರೀಕ್ಷಿಸುವುದು ಹೀಗೆ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ; ಕೈ ಬಿಟ್ಟರೂ ಬೀಳದಿದ್ದರೆ ಅದು ನಿಮ್ಮ ಅಳತೆ. ಮೀಸೆ ದಟ್ಟವಾಗಿದ್ದರೆ ನೀರು ಒಸರುತ್ತದೆ. ಸನ್‌ಸ್ಕ್ರೀನನ್ನೂ ಇಲ್ಲಿಂದಲೇ ಕೊಂಡುಹೋಗಿ, ಅಲ್ಲಿ ದುಬಾರಿ.

ಊಟ ಸುಲಭ. ಗೆಸ್ಟ್‌ಹೌಸಿನ ರಾತ್ರಿಯ ಬಫೆಗೆ 10ರಿಂದ 15 ಡಾಲರ್ ಕೇಳುತ್ತಾರೆ. ಒಳಬೀದಿಯ ಕೆಫೆಯಲ್ಲಿ ಅನ್ನವೋ ನೂಡಲ್ಸೋ ಐದಾರು ಡಾಲರಿಗೆ ಹೊಟ್ಟೆ ತುಂಬುತ್ತದೆ. ಬೆಳಗಿನ ತಿಂಡಿ ಮಸ್ ಹುನಿಯನ್ನು ಮೀನು ತಿನ್ನುವವರು ಬಿಡಬಾರದು. ಈರುಳ್ಳಿ, ಹಸಿಮೆಣಸಿಗೆ ಉಪ್ಪು, ನಿಂಬೆರಸ ಹಾಕಿ ಕೈಯಲ್ಲೇ ಹಿಸುಕಿ, ಟ್ಯೂನಾ ಮೀನಿನ ಪುಡಿ, ಆಗತಾನೆ ತುರಿದ ಕಾಯಿ ಬೆರೆಸುತ್ತಾರೆ. ಜೊತೆಗೆ ರೋಶಿ, ಅಂದರೆ ನಮ್ಮ ಚಪಾತಿಯ ದಾಯಾದಿ. ಸಸ್ಯಾಹಾರಿಗಳಿಗೆ ಎಚ್ಚರಿಕೆ: ‘ಮಸ್’ ಅಂದರೆ ಮೀನು. ಸಂಜೆಯ ಕರಿದ ತಿಂಡಿಯಲ್ಲಿ ಸಮೋಸದ ಹಾಗೆ ಕಾಣುವ ಬಜಿಯಾದ ಒಳಗೂ ಮೀನೇ ಇರುತ್ತದೆ. ಬರೀ ‘ವೆಜ್’ ಅಂದರೆ ಸಾಲದು, ಮೀನೂ ಬೇಡ ಅಂತ ಬಿಡಿಸಿ ಹೇಳಿ. ಅವಲಕ್ಕಿ, ಚಟ್ನಿಪುಡಿ, ರವೆ ಉಂಡೆ ಚೀಲದಲ್ಲಿದ್ದರೆ ಎರಡು ಊಟದ ದುಡ್ಡು ಉಳಿಯಿತು. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಕೆಫೆಗಳು ಮುಚ್ಚಿರುತ್ತವೆ, ಗೆಸ್ಟ್‌ಹೌಸಿನಲ್ಲಿ ಮಧ್ಯಾಹ್ನದ ಊಟ ಕೊಡುತ್ತಾರೋ ಕೇಳಿಕೊಂಡು ಹೋಗಿ.

ದುಡ್ಡು ಒಯ್ಯುವ ರೀತಿಯಲ್ಲೂ ಸೋರಿಕೆ ಇದೆ. ಅಲ್ಲಿನ ಹಣವಾದ ರುಫಿಯಾದ ಅಧಿಕೃತ ದರ ಡಾಲರಿಗೆ 15.42. ಸಣ್ಣ ಅಂಗಡಿಯವರು ಡಾಲರ್ ಕೊಟ್ಟರೆ 15ರ ಲೆಕ್ಕ ಹಿಡಿದು ಚಿಲ್ಲರೆ ಕೊಡುವುದುಂಟು. ಹಾಗಾಗಿ ಕೆಫೆ, ಫೆರ್ರಿ, ಟ್ಯಾಕ್ಸಿಗೆ ಒಂದಿಷ್ಟು ರುಫಿಯಾ, ಕೋಣೆ-ಬೋಟಿಗೆ ಡಾಲರ್. ಸಣ್ಣ ನೋಟು ಇರಲಿ, ಹರಿದದ್ದು, ಗೀಚಿದ್ದು ಬೇಡ. ನಮ್ಮ ಬಹಳಷ್ಟು ಕ್ರೆಡಿಟ್ ಕಾರ್ಡುಗಳು ವಿದೇಶದ ಪಾವತಿಗೆ ಶೇ. 3.5 ಹಿಡಿಯುತ್ತವೆ, ಅದರ ಮೇಲೆ ಶೇ. 18 ಜಿಎಸ್‌ಟಿ, ಕೂಡಿದರೆ ಶೇ. 4.13. ನಾಲ್ಕು ರಾತ್ರಿಯ ಕೋಣೆ ಬಿಲ್ಲಿನ ಮೇಲೆ ಒಂಬತ್ತು ಡಾಲರ್ ಹೋಯಿತು, ಒಂದೂವರೆ ಊಟ. ಮಾರ್ಕಪ್ ಅನ್ನುವ ಈ ಶುಲ್ಕ ಇಲ್ಲದ ಕಾರ್ಡ್ ಇದ್ದರೆ ಅದನ್ನೇ ಬಳಸಿ. ಎಟಿಎಂ ಪ್ರತಿ ಸಲವೂ ಶುಲ್ಕ ಕೀಳುವುದರಿಂದ ಬೇಕಾದಷ್ಟನ್ನು ಒಂದೇ ಸಲ ತೆಗೆಯಿರಿ.

ನಾಲ್ಕು ರಾತ್ರಿಗೆ, ವಿಮಾನ ಬಿಟ್ಟು, ನನ್ನ ಲೆಕ್ಕ ಹೀಗೆ. ಕೋಣೆ 230 ಡಾಲರ್. ಹೋಗಿಬರುವ ಬೋಟು ಒಂದು ಕಡೆ ಸ್ಪೀಡು ಒಂದು ಕಡೆ ಫೆರ್ರಿ, 30. ಊಟ 85. ಎರಡು ಸುತ್ತಾಟ 70. ಸಿಮ್, ನೀರು, ಚಿಲ್ಲರೆ 35. ಒಟ್ಟು 450, ಡಾಲರಿಗೆ 90 ರೂಪಾಯಿ ಹಿಡಿದರೆ 40,500. ಇದರ ಹೊರತಾಗಿ 80 ಡಾಲರ್ ಮುಟ್ಟದೆ ಇಡಿ. ಹವಾಮಾನ ಕೆಟ್ಟು ಒಂದು ರಾತ್ರಿ ಹೆಚ್ಚು ಉಳಿದು ಮರುದಿನ ಸ್ಪೀಡ್‌ಬೋಟ್ ಹಿಡಿಯಬೇಕಾಗಿ ಬಂದರೆ ತಗಲುವುದು ಹೆಚ್ಚು ಕಡಿಮೆ ಅಷ್ಟೇ. ಜೊತೆಗಾರರಿಲ್ಲದವರಿಗೆ ಅಲ್ಲಿ ಸಾಲ ಕೇಳಲು ಯಾರೂ ಇರುವುದಿಲ್ಲ.

ಕಾಲದ ಬಗ್ಗೆ: ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾರುತ, ಸಮುದ್ರ ಶಾಂತ, ದರ ಏರು. ಮೇಯಿಂದ ಅಕ್ಟೋಬರ್‌ವರೆಗೆ ನಮ್ಮ ಮುಂಗಾರಿನದೇ ಗಾಳಿ, ಕೋಣೆ ಅಗ್ಗ, ಬೋಟು ರದ್ದಾಗುವ ಭಯ. ಒಬ್ಬರೇ ಹೋಗುವವರಿಗೆ ನಾನು ಹೇಳುವುದು ಏಪ್ರಿಲ್ ಕೊನೆ ಅಥವಾ ನವೆಂಬರ್. ವಾಪಸ್ ವಿಮಾನವನ್ನು ಶುಕ್ರವಾರ ಇಟ್ಟುಕೊಳ್ಳಬೇಡಿ. ಶನಿವಾರ ಹೊರಡುವುದಾದರೂ ಗಾಳಿಯ ದಿನಗಳಲ್ಲಿ ಗುರುವಾರದ ಬೆಳಗಿನ ಫೆರ್ರಿಗೇ ಮಾಲೆಯ ಕಡೆ ಬಂದು ಉಳಿದ ರಾತ್ರಿಗಳನ್ನು ವಿಮಾನ ನಿಲ್ದಾಣದ ಪಕ್ಕದ ದ್ವೀಪ ಹುಲ್ಹುಮಾಲೆಯಲ್ಲಿ ಕಳೆಯಿರಿ. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ರಸ್ತೆಯೇ ಇದೆ, ಬಸ್ಸೂ ಓಡುತ್ತದೆ.