ಎಲೆಕ್ಟ್ರಮ್ 3.3.8: ಇಡೋದಕ್ಕೆ ಸರಿ, ತೆಗೆಯೋದಕ್ಕೆ ತಕರಾರು

ಬಿಟ್‌ಕಾಯಿನ್ ಕೊಂಡು ವರ್ಷಗಟ್ಟಲೆ ಮುಟ್ಟದೆ ಇಡುವ ಅಭ್ಯಾಸ ನನ್ನದು. ಅದರ ಕೀಗಳನ್ನು ಇಡುವ ಪ್ರತ್ಯೇಕ ಸಾಧನಕ್ಕೆ, ಅಂದರೆ ಹಾರ್ಡ್‌ವೇರ್ ವ್ಯಾಲೆಟ್‌ಗೆ, ದುಡ್ಡು ಹಾಕುವ ಮನಸ್ಸಿರಲಿಲ್ಲ. ಸುಮ್ನೆ ಬಿದ್ದಿದ್ದ ಲ್ಯಾಪ್‌ಟಾಪ್‌ನ ವೈಫೈ ಕಾರ್ಡ್ ಬಿಚ್ಚಿ ತೆಗೆದು, ಅದರಲ್ಲಿ ಎಲೆಕ್ಟ್ರಮ್ ಅನ್ನುವ ಬಿಟ್‌ಕಾಯಿನ್ ವ್ಯಾಲೆಟ್ ಸಾಫ್ಟ್‌ವೇರ್‌ನ 2019ರ ಆವೃತ್ತಿ 3.3.8 ಹಾಕಿಟ್ಟೆ. ಅದಕ್ಕೆ ಇಂಟರ್ನೆಟ್ ತೋರಿಸಿಲ್ಲ.

ಇದರ ಕೆಲಸದ ರೀತಿ ನನಗೆ ತುಂಬಾ ಇಷ್ಟ. ದಿನ ಬಳಸುವ ಕಂಪ್ಯೂಟರ್‌ನಲ್ಲಿ ಮಾಸ್ಟರ್ ಪಬ್ಲಿಕ್ ಕೀ (ಅಡ್ರೆಸ್‌ಗಳನ್ನು ತೋರಿಸುವ ಕೀ) ಮಾತ್ರ ಇರುತ್ತದೆ. ಎಷ್ಟು ಬಿಟ್‌ಕಾಯಿನ್ ಇದೆ ಅಂತ ಅಲ್ಲಿ ನೋಡಬಹುದು, ಖರ್ಚು ಮಾಡಲಾಗದು. ಕಳಿಸಬೇಕಾದಾಗ ಅಲ್ಲೇ ವಹಿವಾಟು ತಯಾರಿಸಿ, ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ, ಹಳೆಯ ಲ್ಯಾಪ್‌ಟಾಪ್‌ಗೆ ಚುಚ್ಚುತ್ತೇನೆ. ಅಡ್ರೆಸ್‌ನ ಅಕ್ಷರಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಂಡು ತಾಳೆ ನೋಡುತ್ತೇನೆ. ಆಮೇಲೆ 'ಸೈನ್' ಒತ್ತಿದರೆ ಸ್ಟೇಟಸ್ 'ಅನ್‌ಸೈನ್ಡ್'ನಿಂದ 'ಸೈನ್ಡ್'ಗೆ ತಿರುಗುತ್ತದೆ. ಸಹಿ ಹಾಕುವ ಗುಟ್ಟಿನ ಕೀ ಆ ಯಂತ್ರ ಬಿಟ್ಟು ಹೊರಗೆ ಬಂದೇ ಇಲ್ಲ ಅನ್ನುವ ಸಮಾಧಾನ ಸಣ್ಣದಲ್ಲ.

ಮನಸ್ಸು ಕೆಟ್ಟಿದ್ದು ದಿನ ಬಳಸುವ ಕಂಪ್ಯೂಟರ್‌ನ ಎಲೆಕ್ಟ್ರಮ್ ಅನ್ನು 4ನೇ ಆವೃತ್ತಿಗೆ ಏರಿಸಿದ ಮೇಲೆ. 2020ರಲ್ಲಿ ಬಂದ 4.0ದಿಂದ ಸಹಿ ಪೂರ್ತಿಯಾಗದ ವಹಿವಾಟಿನ ಫೈಲ್ ಪಿಎಸ್‌ಬಿಟಿ ಅನ್ನುವ ಬೇರೆ ರೂಪಕ್ಕೆ ಬದಲಾಯಿತು. ಹಳೆಯ ರೂಪವನ್ನು ಪೂರ್ತಿ ಕೈಬಿಟ್ಟರು. ಹೊಸದು ಬರೆದ ಫೈಲನ್ನು 3.3.8 ಓದುವುದೇ ಇಲ್ಲ. ಎರಡೂ ಕಡೆ ಒಟ್ಟಿಗೆ ಅಪ್‌ಡೇಟ್ ಮಾಡಿ ಅಂತ ಬಿಡುಗಡೆ ಟಿಪ್ಪಣಿಯಲ್ಲೇ ಹೇಳಿದ್ದಾರೆ, ಅದು ನಿಜ. ಆದರೆ ಕೋಲ್ಡ್ ಸ್ಟೋರೇಜ್ ಅಂದರೆ ಹೀಗೆ ನೆಟ್‌ನಿಂದ ದೂರ, ಮುಟ್ಟದೆ ಇಡುವುದು ಅಲ್ವಾ? ಅರ್ಜೆಂಟಾಗಿ ಕಳಿಸಬೇಕಾದ ದಿನವೇ ಇದು ಎದುರಾದರೆ ತುಂಬಾ ಕಷ್ಟ. ಹೊಸ ಬಗೆಯ ಅಡ್ರೆಸ್ ತಂದ ಬಿಟ್‌ಕಾಯಿನ್ ಬದಲಾವಣೆ ಟ್ಯಾಪ್‌ರೂಟ್‌ನದೂ ಇದೇ ಕಥೆ. ಅದು ಜಾರಿಯಾಗಿದ್ದು 2021ರ ನವೆಂಬರ್‌ನಲ್ಲಿ. ಆ ಅಡ್ರೆಸ್‌ಗಳ ಚೆಕ್‌ಸಮ್ (ತಪ್ಪು ಹಿಡಿಯುವ ಕೊನೆಯ ಅಕ್ಷರಗಳು) ಲೆಕ್ಕವೇ ಬೇರೆ, ಅವುಗಳಿಗೆ 3.3.8ರಿಂದ ಹಣ ಕಳಿಸಲಾಗದು.

ಇಷ್ಟಾದರೂ ಸಿಟ್ಟು ಉಳಿಯಲಿಲ್ಲ, ಕಾರಣ ಸೀಡ್ ಪದಗಳು, ಅಂದರೆ ವ್ಯಾಲೆಟ್ ಮರಳಿ ಪಡೆಯಲು ಬರೆದಿಡುವ ಪದಗಳು. ಹಾಳೆಯಲ್ಲಿ ಬರೆದಿಟ್ಟ 12 ಪದ ಹಾಕಿದರೆ ಹೊಸ ಎಲೆಕ್ಟ್ರಮ್ ಅದೇ ಅಡ್ರೆಸ್‌ಗಳನ್ನು ತೆರೆದು ಕೊಡುತ್ತದೆ. 2015ರಲ್ಲಿ 2.0 ಬರುವ ಮುಂಚಿನ ಸೀಡ್‌ಗಳನ್ನೂ ಅದು ಇನ್ನೂ ಒಪ್ಪುತ್ತದೆ. ಇಷ್ಟು ಕಾಲ ಹಳಬರನ್ನು ಕೈಬಿಡದ ಸಾಫ್ಟ್‌ವೇರ್ ಕಡಿಮೆ. ಒಂದು ಮಾತು ಮಾತ್ರ ನೆನಪಿರಲಿ: ಈ ಸೀಡ್ ಬೇರೆ ವ್ಯಾಲೆಟ್‌ಗಳು ಬಳಸುವ ಬಿಐಪಿ39 ಅನ್ನುವ ಮಾದರಿಯದಲ್ಲ. ಹಾಗಾಗಿ ಹಾಳೆಯ ಮೇಲೆ 'ಎಲೆಕ್ಟ್ರಮ್' ಅಂತಲೂ ಬರೆದಿಡಿ.

ಹಳೆಯದನ್ನು ಆನ್‌ಲೈನ್‌ನಲ್ಲಿ ಓಡಿಸುವುದು ಮಾತ್ರ ಬೇಡವೇ ಬೇಡ. 2018ರ ಕೊನೆಯಲ್ಲಿ ಕಳ್ಳ ಸರ್ವರ್‌ಗಳು ಆಗಿನ ಆವೃತ್ತಿಗಳೊಳಗೇ 'ಅಪ್‌ಡೇಟ್ ಮಾಡಿ' ಅಂತ ಸಂದೇಶ ತೋರಿಸಿ, ನಕಲಿ ವ್ಯಾಲೆಟ್ ಇಳಿಸಿಕೊಳ್ಳುವಂತೆ ಮಾಡಿ ಹಣ ದೋಚಿದವು. 3.3.4ಕ್ಕಿಂತ ಹಳೆಯದು ಇದ್ದರೆ ನೆಟ್‌ಗೆ ಜೋಡಿಸಲೇಬೇಡಿ.

ಬರೀ ಇಡುವುದಾದರೆ 3.3.8ಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಖರ್ಚು ಮಾಡುವ ಯೋಚನೆ ಇದ್ದರೆ ಬಿಡುವಿರುವಾಗಲೇ ಹೊಸದನ್ನು ಇಳಿಸಿ, ಅದು ಅಸಲಿಯೇ ಅಂತ ತಿಳಿಯಲು ಡೆವಲಪರ್‌ಗಳ ಜಿಪಿಜಿ (ಡಿಜಿಟಲ್) ಸಹಿ ಪರೀಕ್ಷಿಸಿ, ಪೆನ್‌ಡ್ರೈವ್‌ನಲ್ಲಿ ಆಫ್‌ಲೈನ್ ಯಂತ್ರಕ್ಕೆ ಹಾಕಿ. ಮೊದಲು ವ್ಯಾಲೆಟ್ ಫೈಲ್‌ನ ನಕಲು ತೆಗೆದಿಡಿ. ಹೊಸ ಆವೃತ್ತಿ ಒಮ್ಮೆ ತೆರೆದ ಫೈಲನ್ನು ಹಳೆಯದು ಮತ್ತೆ ತೆರೆಯುವುದಿಲ್ಲ. ಆಮೇಲೆ ಸಣ್ಣ ಮೊತ್ತ ಕಳಿಸಿ ನೋಡಿ.